ಸ್ಟೋಮಾ ಸುತ್ತಲಿನ ಹುಣ್ಣು: ಕೆರೆದರೆ ಬೆಳೆಯುವ ಗಾಯದ ಬಗ್ಗೆ

ಕೋಲಾರದಲ್ಲಿ ಸ್ಟೋಮಾ ಇರುವವರು, ಅವರ ಮನೆಯವರು ಮತ್ತು ಆಶಾ ಕಾರ್ಯಕರ್ತೆಯರ ಮುಂದೆ ಸ್ಟೋಮಾ ನರ್ಸ್ ಒಬ್ಬರು ಮಾಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಕಡೆಯಿಂದ ಬೆಳಗಿನ ಬಸ್ಸಿಗೇ ಹೊರಟು ಬಂದಿದ್ದೀರಿ. ಹೊಟ್ಟೆ ಮೇಲೆ ಚೀಲ ಇಟ್ಟುಕೊಂಡು ಅಷ್ಟು ದೂರ ಬಸ್ಸಿನಲ್ಲಿ ಬರುವುದು ಸುಲಭದ ಕೆಲಸ ಅಲ್ಲ. ಅದರಲ್ಲೂ ಚೀಲದ ಕೆಳಗೆ ಹುಣ್ಣು ಇದ್ದರೆ ರಸ್ತೆಯ ಒಂದೊಂದು ಹಂಪ್ ಕೂಡ ಹೊಟ್ಟೆಗೇ ಹೊಡೆದ ಹಾಗಾಗುತ್ತೆ. ಆದ್ದರಿಂದ ಸುತ್ತಿ ಬಳಸಿ ಹೇಳದೆ ವಿಷಯಕ್ಕೆ ಬರುತ್ತೀನಿ.

ಆಶಾ ಅಕ್ಕಂದಿರಲ್ಲಿ ಕೆಲವರಿಗೆ ಇದು ಹೊಸದು. ದೊಡ್ಡ ಕರುಳಿನ ಅಥವಾ ಗುದದ್ವಾರದ ಕ್ಯಾನ್ಸರ್, ಕರುಳು ತೂತಾಗುವುದು, ಕರುಳಿನ ಟಿಬಿ, ಕರುಳು ಉರಿದು ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್ ಅನ್ನೋ ಕಾಯಿಲೆಗಳು, ಅಪಘಾತದ ಪೆಟ್ಟು, ಹೀಗೆ ನಾನಾ ಕಾರಣಕ್ಕೆ ಸರ್ಜನ್‌ಗಳು ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿಯುತ್ತಾರೆ. ಆ ಬಾಯಿಯೇ ಸ್ಟೋಮಾ. ದೊಡ್ಡ ಕರುಳಿನದಾದರೆ ಕೊಲಾಸ್ಟಮಿ, ಸಣ್ಣ ಕರುಳಿನದಾದರೆ ಇಲಿಯಾಸ್ಟಮಿ. ಊರಲ್ಲಿ ಎರಡಕ್ಕೂ ‘ಮೋಷನ್ ಬ್ಯಾಗ್ ಹಾಕಿದ್ದಾರೆ’ ಅಂತಲೇ ಹೇಳುತ್ತಾರೆ. ಆ ಕೆಂಪು ಕರುಳಿನ ಬಾಯಿಗೆ ಮುಟ್ಟಿದರೆ ನೋವಾಗಲ್ಲ, ಅದು ಕೆಂಪಗೆ ಒದ್ದೆಯಾಗಿ ಇರುವುದೇ ಆರೋಗ್ಯ. ನೋವು ಗೊತ್ತಾಗುವುದು ಅದರ ಸುತ್ತಲಿನ ಚರ್ಮಕ್ಕೆ. ಆ ಚರ್ಮ ನಿಮ್ಮ ಹೊಟ್ಟೆಯ ಇನ್ನೊಂದು ಬದಿಯ ಚರ್ಮ ಹೇಗಿದೆಯೋ ಹಾಗೇ ಇರಬೇಕು. ‘ಚೀಲ ಹಾಕಿದಮೇಲೆ ಸ್ವಲ್ಪ ಹುಣ್ಣು ಇದ್ದೇ ಇರುತ್ತೆ, ಸಹಿಸಿಕೋಬೇಕು’ ಅನ್ನೋ ಮಾತನ್ನು ತುಂಬ ಜನರ ಬಾಯಲ್ಲಿ ಕೇಳಿದ್ದೀನಿ. ಅದು ಸುಳ್ಳು. ಹುಣ್ಣಿದ್ದರೆ ಅದಕ್ಕೊಂದು ಕಾರಣ ಇದೆ. ಆ ಕಾರಣ ಹುಡುಕಲೇಬೇಕು.

ಬಹುಪಾಲು ಕಾರಣ ಸೋರಿಕೆ. ಸಣ್ಣ ಕರುಳಿನಿಂದ ಬರುವ ನೀರು ನೀರಾದ ಮಲದಲ್ಲಿ ಜೀರ್ಣರಸ ಇನ್ನೂ ಕೆಲಸ ಮಾಡುತ್ತಾ ಇರುತ್ತೆ. ನಾವು ತಿಂದ ಬೇಳೆ, ಮೊಟ್ಟೆ, ಮಾಂಸ ಕರಗಿಸುವ ರಸ ಅದು. ಚರ್ಮಕ್ಕೆ ತಗುಲಿದರೆ ಚರ್ಮವನ್ನೂ ಕರಗಿಸುತ್ತೆ, ಅದಕ್ಕೆ ವ್ಯತ್ಯಾಸ ಗೊತ್ತಾಗಲ್ಲ. 1952ರಲ್ಲಿ ಇಂಗ್ಲೆಂಡಿನ ಬ್ರಯನ್ ಬ್ರೂಕ್ ಅನ್ನೋ ಸರ್ಜನ್ ಕರುಳಿನ ತುದಿಯನ್ನು ಹೊರಮುಖವಾಗಿ ಮಡಚಿ, ಸಣ್ಣ ಕೊಳವೆಯ ಹಾಗೆ ಮೇಲೆತ್ತಿ ಹೊಲಿಯುವ ವಿಧಾನ ತೋರಿಸಿದ್ದು ಈ ಕಷ್ಟ ತಪ್ಪಿಸೋಕೇ. ಇವತ್ತಿಗೂ ಇಲಿಯಾಸ್ಟಮಿಯನ್ನು ಹಾಗೇ ಮಾಡುತ್ತಾರೆ. ಬಾಯಿ ಎತ್ತರಕ್ಕಿದ್ದರೆ ಮಲ ನೇರ ಚೀಲಕ್ಕೆ ಬೀಳುತ್ತೆ. ಚರ್ಮದ ಮಟ್ಟಕ್ಕೇ ಇದ್ದರೆ ಅಥವಾ ಒಳಕ್ಕೆ ಹೋಗಿದ್ದರೆ, ಚೀಲವನ್ನು ಚರ್ಮಕ್ಕೆ ಅಂಟಿಸುವ ಪ್ಲೇಟಿನ ಅಡಿಗೆ ಹರಿಯುತ್ತೆ.

ಸೋರಿಕೆಯ ಹುಣ್ಣನ್ನು ಗುರುತಿಸುವುದು ಕಷ್ಟ ಅಲ್ಲ. ಪ್ಲೇಟ್ ತೆಗೆದ ತಕ್ಷಣ ಅದನ್ನು ಬಿಸಾಡಬೇಡಿ, ತಿರುಗಿಸಿ ಹಿಂಭಾಗ ನೋಡಿ. ಎಲ್ಲಿ ಮಲ ನುಗ್ಗಿ ಅಂಟು ಕರಗಿದೆಯೋ, ಚರ್ಮದ ಮೇಲೆ ಸರಿಯಾಗಿ ಅದೇ ಜಾಗದಲ್ಲಿ ಕೆಂಪಾಗಿರುತ್ತೆ, ಸುಲಿದಿರುತ್ತೆ. ಎರಡೂ ತಾಳೆಯಾದರೆ ಕಾರಣ ಸಿಕ್ಕಿತು. ಆಗ ಪ್ಲೇಟಿನ ತೂತಿನ ಅಳತೆ ಸರಿ ಮಾಡಬೇಕು. ಆಪರೇಷನ್ ಆದಾಗ ಕರುಳು ಊದಿಕೊಂಡಿರುತ್ತೆ, ಮುಂದಿನ ಆರು-ಎಂಟು ವಾರದಲ್ಲಿ ಸಣ್ಣದಾಗುತ್ತೆ. ಆದರೆ ಡಿಸ್ಚಾರ್ಜ್ ದಿನ ಸಿಸ್ಟರ್ ಕತ್ತರಿಸಿಕೊಟ್ಟ ಅಳತೆಯಲ್ಲೇ ವರ್ಷಗಟ್ಟಲೆ ಕತ್ತರಿಸುವವರಿದ್ದಾರೆ. ತೂತು ಸ್ಟೋಮಾಗಿಂತ ಎರಡು-ಮೂರು ಮಿಲಿಮೀಟರ್ ಮಾತ್ರ ಅಗಲ ಇರಬೇಕು. ಅಳತೆ ಸರಿಹೋಗಿ ಸೋರಿಕೆ ನಿಂತರೆ ಇಂಥ ಹುಣ್ಣು ಕೆಲವೇ ದಿನಗಳಲ್ಲಿ ಒಣಗೋಕೆ ಶುರುವಾಗುತ್ತೆ.

ಬೇಸಿಗೆಯಲ್ಲಿ ನಮ್ಮ ಕಡೆ ಬೆವರಿಗೆ ಬರುವ ಫಂಗಸ್ ಇನ್ನೊಂದು. ಕೆಂಪು ಮಚ್ಚೆ, ಅದರ ಸುತ್ತ ಬಿಡಿಬಿಡಿಯಾಗಿ ಸಣ್ಣ ಗುಳ್ಳೆ, ತುರಿಕೆ ಜಾಸ್ತಿ, ನೋವು ಕಡಿಮೆ. ಡಾಕ್ಟರ್ ಕೊಡುವ ಫಂಗಸ್ ಪೌಡರಿಗೆ ಹೋಗುತ್ತೆ. ಪ್ಲೇಟಿನ ಅಂಟು ಒಗ್ಗದೆ ಬರುವ ಅಲರ್ಜಿಯೂ ಇದೆ. ಅದು ಪ್ಲೇಟಿನ ಆಕಾರದಲ್ಲೇ ಇರುತ್ತೆ, ಕಂಪನಿ ಬದಲಾಯಿಸಿದರೆ ಕಡಿಮೆಯಾಗುತ್ತೆ. ಇವುಗಳನ್ನು ಇಷ್ಟಕ್ಕೇ ಬಿಡುತ್ತೀನಿ. ಇವತ್ತು ನಾನು ಬಂದಿರುವುದು ಬೇರೆ ಒಂದು ಹುಣ್ಣಿನ ಬಗ್ಗೆ ಹೇಳೋಕೆ.

ಅದಕ್ಕೆ ಪಯೋಡರ್ಮ ಗ್ಯಾಂಗ್ರಿನೋಸಮ್ ಅಂತ ಹೆಸರು. ಹೆಸರು ನೆನಪಿಟ್ಟುಕೊಳ್ಳದಿದ್ದರೂ ಪರವಾಗಿಲ್ಲ, ಅದು ಹೇಗಿರುತ್ತೆ ಅನ್ನೋದು ನೆನಪಿರಲಿ. ಮೊದಲು ಸ್ಟೋಮಾ ಪಕ್ಕದಲ್ಲಿ ಒಂದು ಕೀವು ಗುಳ್ಳೆಯೋ, ಕೆಂಪು-ನೀಲಿ ಬಣ್ಣದ ಗಂಟೋ ಕಾಣಿಸುತ್ತೆ. ಸೊಳ್ಳೆ ಕಚ್ಚಿರಬೇಕು ಅಂದುಕೊಳ್ಳುತ್ತಾರೆ. ಕೆಲವೇ ದಿನದಲ್ಲಿ ಅದು ಒಡೆದು ಹುಣ್ಣಾಗುತ್ತೆ, ಬೇಗ ಬೇಗ ಅಗಲವಾಗುತ್ತೆ. ಅಂಚು ನೇರಳೆ ಬಣ್ಣಕ್ಕೆ ತಿರುಗಿ ಹರಿದ ಬಟ್ಟೆಯ ಹಾಗೆ ಸೊಟ್ಟಸೊಟ್ಟಗೆ ಇರುತ್ತೆ. ಆ ಅಂಚಿನ ಕೆಳಗೆ ಟೊಳ್ಳು ಇರುತ್ತೆ, ಮೇಲೆ ಚರ್ಮ ಇದ್ದ ಹಾಗೆ ಕಂಡರೂ ಅಡಿಯಲ್ಲಿ ಗಾಯ ಒಳಕ್ಕೆ ನುಗ್ಗಿರುತ್ತೆ. ಕೆಲವರಲ್ಲಿ ಹುಣ್ಣಿನ ಈ ದಡದಿಂದ ಆ ದಡಕ್ಕೆ ಚರ್ಮದ ಸಣ್ಣ ಪಟ್ಟಿಗಳು ಉಳಿದುಕೊಂಡಿರುತ್ತವೆ. ಎಲ್ಲಕ್ಕಿಂತ ಮುಖ್ಯ, ನೋವು. ಗಾಯ ಐದು ರೂಪಾಯಿ ನಾಣ್ಯದಷ್ಟೇ ಇರಬಹುದು, ನೋವು ಮಾತ್ರ ಮನುಷ್ಯನನ್ನು ಮಲಗಿಸಿಬಿಡುತ್ತೆ. ಚೀಲ ಬದಲಾಯಿಸುವ ದಿನ ಬಂದರೆ ಅಳು ಬರುತ್ತೆ. ಸೀರೆ ಸೆರಗು ತಗುಲಿದರೂ ಜೀವ ಹೋದ ಹಾಗಾಗುತ್ತೆ.

ಹುಣ್ಣು ನೋಡೋಕೆ ಇರುವಷ್ಟಕ್ಕಿಂತ ನೋವು ತುಂಬಾ ಹೆಚ್ಚಿದ್ದರೆ, ದಯವಿಟ್ಟು ಆ ನೋವನ್ನು ನಂಬಿ. ಈ ಮಾತು ಮನೆಯವರಿಗೂ, ಆಶಾ ಅಕ್ಕಂದಿರಿಗೂ, ನನ್ನ ಜೊತೆ ಕೆಲಸ ಮಾಡುವ ಸಿಸ್ಟರ್‌ಗಳಿಗೂ. ‘ಇಷ್ಟು ಗಾಯಕ್ಕೆ ಇಷ್ಟೊಂದು ನರಳಾಟವೇ’ ಅಂತ ಯಾರೂ ಅನ್ನಬಾರದು. ಆ ನರಳಾಟವೇ ಕಾಯಿಲೆಯ ಗುರುತು.

ಇದು ಸೋಂಕಲ್ಲ. ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಗಲೀಜಿನಿಂದ ಬಂದದ್ದೂ ಅಲ್ಲ. ನಮ್ಮ ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳು, ಅದರಲ್ಲೂ ನ್ಯೂಟ್ರೋಫಿಲ್ ಅನ್ನೋ ಜಾತಿಯವು, ಕಾರಣವಿಲ್ಲದೆ ಚರ್ಮದೊಳಗೆ ಗುಂಪುಗೂಡಿ ಅದನ್ನೇ ನಾಶ ಮಾಡುತ್ತವೆ. ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್, ಕೆಲವು ಕೀಲುವಾತ, ಕೆಲವು ರಕ್ತದ ಕಾಯಿಲೆ ಇರುವವರಲ್ಲಿ ಇದು ಹೆಚ್ಚು. ಆದರೆ ಕ್ಯಾನ್ಸರ್‌ಗೆಂದು ಸ್ಟೋಮಾ ಮಾಡಿಸಿಕೊಂಡವರಲ್ಲೂ ಬರಬಹುದು. ಆಪರೇಷನ್ ಆದ ಕೆಲವು ವಾರಕ್ಕೂ ಬರಬಹುದು, ವರ್ಷಗಳ ಮೇಲೂ ಬರಬಹುದು.

ಈ ಕಾಯಿಲೆಗೆ ಇನ್ನೊಂದು ಗುಣ ಇದೆ. ಪೆಟ್ಟು ಬಿದ್ದ ಕಡೆ ಅದು ಹಬ್ಬುತ್ತೆ. ಡಾಕ್ಟರ್‌ಗಳು ಅದನ್ನು ಪ್ಯಾಥರ್ಜಿ ಅನ್ನುತ್ತಾರೆ. ಸ್ಟೋಮಾ ಸುತ್ತ ಬರುವುದಕ್ಕೂ ಇದೇ ಕಾರಣ ಇರಬಹುದು ಅನ್ನುತ್ತಾರೆ: ಅಲ್ಲಿ ಹೊಲಿಗೆ ಆಗಿದೆ, ಮತ್ತೆ ಮತ್ತೆ ಅಂಟು ಕೀಳುತ್ತೀವಿ, ಚೀಲ ಹಿಡಿಯುವ ಬೆಲ್ಟ್ ಒತ್ತುತ್ತೆ. ಇನ್ನು ಇಂಥ ಹುಣ್ಣನ್ನು ಮಾಮೂಲಿ ಕೊಳೆತ ಗಾಯ ಅಂದುಕೊಂಡು ಕೆರೆದು, ಕತ್ತರಿಸಿ, ‘ಕ್ಲೀನ್’ ಮಾಡಿದರೆ ಕೆಂಡಕ್ಕೆ ಊದಿದ ಹಾಗೆ.

ಶ್ರೀನಿವಾಸಪುರ ತಾಲ್ಲೂಕಿನ ಒಬ್ಬ ತಾಯಿಯ ವಿಷಯ ಹೇಳುತ್ತೀನಿ. ಅವರ ಹೆಸರು, ಊರು ಬೇಡ. ಮಾವಿನ ತೋಟದಲ್ಲಿ ಕೆಲಸ ಮಾಡಿಕೊಂಡಿದ್ದವರು. ಕೊಲೈಟಿಸ್ ಜೋರಾಗಿ ದೊಡ್ಡ ಕರುಳು ತೆಗೆದು ಇಲಿಯಾಸ್ಟಮಿ ಮಾಡಿದ್ದರು. ಚೆನ್ನಾಗಿಯೇ ಇದ್ದವರಿಗೆ ಸ್ಟೋಮಾದ ಕೆಳಗೆ, ಬೆಲ್ಟ್ ಒತ್ತುವ ಜಾಗದಲ್ಲಿ ಗುಳ್ಳೆ ಬಂತು. ಹತ್ತಿರದಲ್ಲಿ ಯಾರೋ ಕೀವು ಅಂತ ಕೊಯ್ದರು, ಆಮೇಲೆ ಕಪ್ಪಾದ ಅಂಚನ್ನು ಕತ್ತರಿಸಿದರು. ಪ್ರತಿ ಸಲ ಕತ್ತರಿಸಿದಾಗಲೂ ಹುಣ್ಣು ಅಗಲವಾಯಿತು. ಆಂಟಿಬಯೋಟಿಕ್ ಮೇಲೆ ಆಂಟಿಬಯೋಟಿಕ್ ಕೊಟ್ಟರು. ನನ್ನ ಹತ್ತಿರ ಬಂದಾಗ ಪ್ಲೇಟ್ ಅಂಟಿಸೋಕೆ ಜಾಗವೇ ಇರಲಿಲ್ಲ. ಮಲ ನೇರ ಹುಣ್ಣಿನ ಮೇಲೆ ಹರಿಯುತ್ತಿತ್ತು. ಹಳೇ ಪಂಚೆ ಮಡಚಿ ಹೊಟ್ಟೆಗೆ ಕಟ್ಟಿಕೊಂಡಿದ್ದರು. ಮಲ ಬರಬಾರದು ಅಂತ ಊಟವನ್ನೇ ಬಿಟ್ಟಿದ್ದರು. ಕೈಹಾಕೋಕೆ ಹೋದರೆ ‘ಕೆರೀಬೇಡಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ’ ಅಂದರು. ನಾನು ಮುಟ್ಟಲಿಲ್ಲ. ನೋವಿಗೆ ಇಂಜೆಕ್ಷನ್ ಕೊಡಿಸಿ, ಉಗುರು ಬೆಚ್ಚಗಿನ ನೀರನ್ನು ಸಿರಿಂಜಿನಲ್ಲಿ ಮೆಲ್ಲಗೆ ಬಿಟ್ಟು ತೊಳೆದೆ, ಅಷ್ಟೇ. ಚರ್ಮದ ಡಾಕ್ಟರು ಬಂದು ಅಂಚಿನ ಬಣ್ಣ ನೋಡಿ, ಎಷ್ಟು ಸಲ ಕೊಯ್ದರು ಅಂತ ಕೇಳಿದ ಕೂಡಲೇ ಅವರಿಗೆ ಅನುಮಾನ ಬಂತು.

ಈ ಕಾಯಿಲೆಗೆ ‘ಇದೇ’ ಅಂತ ಹೇಳುವ ರಕ್ತಪರೀಕ್ಷೆ ಒಂದೂ ಇಲ್ಲ. ಹುಣ್ಣಿನ ಅಂಚಿನಿಂದ ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಅದು ಮುಖ್ಯವಾಗಿ ಬೇರೆ ಕಾಯಿಲೆ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳೋಕೆ. ಕ್ಯಾನ್ಸರ್ ಮರಳಿ ಬಂದಿದೆಯೇ, ಟಿಬಿಯೇ, ಕ್ರೋನ್ಸ್ ಚರ್ಮಕ್ಕೆ ಬಂದಿದೆಯೇ, ರಕ್ತನಾಳದ ತೊಂದರೆಯೇ ಅಂತ ನೋಡಬೇಕು. ಮುಟ್ಟಿದರೆ ಹಬ್ಬುವ ಹುಣ್ಣಿನಿಂದ ಚೂರು ತೆಗೆಯಬಹುದಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗೊತ್ತಿದ್ದು, ಮುಂದಿನ ಔಷಧಿ ಸಿದ್ಧ ಇಟ್ಟುಕೊಂಡು ಒಂದು ಚೂರು ತೆಗೆಯುವುದು ಬೇರೆ, ಗೊತ್ತಿಲ್ಲದೆ ವಾರ ವಾರ ಕೆರೆಯುವುದು ಬೇರೆ. ಹುಣ್ಣಿನ ಸ್ವಾಬ್ ಪರೀಕ್ಷೆ ಮಾಡಿದರೆ ಬ್ಯಾಕ್ಟೀರಿಯಾ ಸಿಕ್ಕೇ ಸಿಗುತ್ತೆ, ಮಲ ಬರುವ ಜಾಗ ಅದು. ಸಿಕ್ಕಿತು ಅಂದಮಾತ್ರಕ್ಕೆ ಹುಣ್ಣಿಗೆ ಅದೇ ಕಾರಣ ಅಂತಲ್ಲ. ಜ್ವರ, ಹಬ್ಬುತ್ತಿರುವ ಬಿಸಿ, ಕೆಟ್ಟ ವಾಸನೆಯ ಕೀವು ಇದ್ದರೆ ಮಾತ್ರ ಆಂಟಿಬಯೋಟಿಕ್ ಮಾತು.

ಇದೇ ಜಾಗದಲ್ಲಿ ಇನ್ನೊಂದು ಅಚ್ಚರಿಯ ಕಾರಣ ಹೇಳಿಬಿಡುತ್ತೀನಿ. ಹೃದಯದ ಎದೆನೋವಿಗೆ ಕೊಡುವ ನಿಕೊರಾಂಡಿಲ್ ಅನ್ನೋ ಮಾತ್ರೆ ಕೆಲವರಲ್ಲಿ ಬಾಯಿ, ಗುದದ್ವಾರ, ಸ್ಟೋಮಾ ಸುತ್ತ ಆಳವಾದ, ನೋವಿನ ಹುಣ್ಣು ಮಾಡುತ್ತೆ. ಮಾತ್ರೆ ನಿಲ್ಲಿಸಿದರೆ ಮಾತ್ರ ಅದು ಮಾಯುತ್ತೆ. ನೀವಾಗಿ ನೀವೇ ನಿಲ್ಲಿಸಬೇಡಿ, ಹೃದಯದ ಡಾಕ್ಟರೇ ಬೇರೆ ಮಾತ್ರೆಗೆ ಬದಲಾಯಿಸಬೇಕು. ಆದರೆ ಹುಣ್ಣಿಗೆ ತೋರಿಸೋಕೆ ಹೋಗುವಾಗ ನೀವು ತಗೊಳ್ಳುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ‘ಅದು ಹಾರ್ಟಿಗೆ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ’ ಅಂತ ಮನೆಯಲ್ಲಿ ಬಿಟ್ಟು ಹೋಗಬೇಡಿ.

ಇನ್ನು ಚಿಕಿತ್ಸೆ. ಇಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯಬೇಕು. ಒಂದು, ಬಿಳಿ ರಕ್ತಕಣಗಳು ದೇಹದ ಒಳಗೆ ಎಬ್ಬಿಸಿದ ಆ ಉರಿತವನ್ನು ತಣಿಸುವುದು. ಇನ್ನೊಂದು, ಹುಣ್ಣಿನ ಮೇಲೆಯೇ ಚೀಲ ಸೋರದೆ ನಿಲ್ಲುವ ಹಾಗೆ ಮಾಡುವುದು. ಮೊದಲನೆಯದು ಡಾಕ್ಟರ ಕೆಲಸ, ಎರಡನೆಯದು ನಮ್ಮ ನಿಮ್ಮ ಕೆಲಸ. ಒಂದು ಬಿಟ್ಟು ಒಂದು ಮಾಡಿದರೆ ಎರಡೂ ಕೆಡುತ್ತೆ.

ಹುಣ್ಣು ಸಣ್ಣದಿದ್ದರೆ ಮೇಲೆ ಹಚ್ಚುವ ಸ್ಟಿರಾಯ್ಡ್ ಅಥವಾ ಟಾಕ್ರೋಲಿಮಸ್‌ನಿಂದ ಶುರು ಮಾಡುತ್ತಾರೆ. ಕೆಲವು ಸಲ ಅಂಚಿನ ಸುತ್ತ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಇಲ್ಲೊಂದು ತೊಡಕಿದೆ. ಮುಲಾಮು ಜಿಡ್ಡು, ಜಿಡ್ಡಿನ ಮೇಲೆ ಪ್ಲೇಟ್ ಅಂಟಲ್ಲ. ಅಂಟದಿದ್ದರೆ ಸೋರುತ್ತೆ, ಸೋರಿದರೆ ಹುಣ್ಣು ಇನ್ನೂ ಕೆಡುತ್ತೆ. ಆದ್ದರಿಂದ ಡಾಕ್ಟರು ಚೀಟಿ ಬರೆಯುವಾಗ ‘ಸಾರ್, ಇದರ ಮೇಲೆ ಪ್ಲೇಟ್ ಅಂಟಬೇಕು’ ಅಂತ ನೆನಪಿಸಿ. ತಲೆಗೆ ಹಚ್ಚುವ ಸ್ಟಿರಾಯ್ಡ್ ಲೋಷನ್‌ಗಳಂಥವು ಒಣಗುತ್ತವೆ. ಆದರೆ ಸ್ಪಿರಿಟ್ ಇರುವ ಲೋಷನ್ ತೆರೆದ ಹುಣ್ಣಿಗೆ ತಗುಲಿದರೆ ಭಯಂಕರ ಉರಿ, ಅದನ್ನೂ ಕೇಳಿಕೊಳ್ಳಿ. ಮುಲಾಮೇ ಗತಿ ಅನ್ನೋದಾದರೆ ಹುಣ್ಣಿನೊಳಗೆ ಮಾತ್ರ ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಸುತ್ತಲಿನ ಒಳ್ಳೆ ಚರ್ಮಕ್ಕೆ ಬಂದ ಜಿಡ್ಡನ್ನು ಪೂರ್ತಿ ಒರೆಸಿ ಪ್ಲೇಟ್ ಹಾಕಬೇಕು.

ಹುಣ್ಣು ದೊಡ್ಡದಿದ್ದರೆ, ಬೇಗ ಬೆಳೆಯುತ್ತಿದ್ದರೆ ನುಂಗುವ ಮಾತ್ರೆ ಬೇಕಾಗುತ್ತೆ. ಪ್ರೆಡ್ನಿಸೊಲೋನ್ ಅನ್ನೋ ಸ್ಟಿರಾಯ್ಡ್, ಅಥವಾ ಸೈಕ್ಲೋಸ್ಪೋರಿನ್. 2015ರಲ್ಲಿ ಬ್ರಿಟನ್ನಿನಲ್ಲಿ ಈ ಕಾಯಿಲೆಯ 121 ಜನರ ಮೇಲೆ ಎರಡನ್ನೂ ಹೋಲಿಸಿ ನೋಡಿದ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಯಾವುದೂ ಇನ್ನೊಂದಕ್ಕಿಂತ ಮೇಲು ಅಂತ ಕಾಣಲಿಲ್ಲ, ಆರು ತಿಂಗಳಿಗೆ ಎರಡರಲ್ಲೂ ಸುಮಾರು ಅರ್ಧದಷ್ಟು ಜನರ ಹುಣ್ಣು ಮಾಯಿತ್ತು. ಇದನ್ನು ಯಾಕೆ ಹೇಳುತ್ತೀನಿ ಅಂದರೆ, ಎರಡು ವಾರ ಮಾತ್ರೆ ನುಂಗಿ ‘ಗುಣ ಆಗಲಿಲ್ಲ’ ಅಂತ ಬಿಟ್ಟುಬಿಡುವವರು ತುಂಬ ಜನ. ನೋವು ಸಾಮಾನ್ಯವಾಗಿ ಬೇಗ ಇಳಿಯುತ್ತೆ, ಹುಣ್ಣು ತುಂಬಿಕೊಳ್ಳೋಕೆ ತಿಂಗಳುಗಳು ಹಿಡಿಯುತ್ತವೆ. ನೋವು ಇಳಿದಿದ್ದೇ ಔಷಧಿ ಹತ್ತುತ್ತಿದೆ ಅನ್ನೋದರ ಮೊದಲ ಸುಳಿವು. ಅರ್ಧ ಜನಕ್ಕೆ ಆಗಲಿಲ್ಲ ಅನ್ನೋದನ್ನೂ ಮುಚ್ಚಿಡಲ್ಲ. ಅವರಿಗೆ ಮುಂದಿನ ಮೆಟ್ಟಿಲು ಇನ್‌ಫ್ಲಿಕ್ಸಿಮ್ಯಾಬ್‌ನಂಥ ಡ್ರಿಪ್‌ನಲ್ಲಿ ಕೊಡುವ ಔಷಧಿಗಳು. 2006ರ ಒಂದು ಅಧ್ಯಯನದಲ್ಲಿ 30 ಜನರಿದ್ದರು. ಎರಡೇ ವಾರದಲ್ಲಿ ಈ ಔಷಧಿ ಪಡೆದವರಲ್ಲಿ 46 ಶೇಕಡಾ ಜನರಿಗೆ ಸುಧಾರಿಸಿತು, ಬರೀ ಡ್ರಿಪ್ ಪಡೆದವರಲ್ಲಿ 6 ಶೇಕಡಾ ಜನರಿಗೆ. ಕರುಳಿನ ಕಾಯಿಲೆಯೂ ಜೊತೆಗೆ ಇರುವವರಿಗೆ ಎರಡಕ್ಕೂ ಒಂದೇ ಔಷಧಿ ಆಗುತ್ತೆ. ಆದರೆ ದುಬಾರಿ. ಕೊಡುವ ಮುಂಚೆ ಟಿಬಿ ಇಲ್ಲ ಅಂತ ಎದೆಯ ಎಕ್ಸ್‌ರೇ, ರಕ್ತಪರೀಕ್ಷೆ ಎಲ್ಲ ಮಾಡಲೇಬೇಕು. ನಮ್ಮ ದೇಶದಲ್ಲಿ ಮೈಯೊಳಗೆ ಮಲಗಿರುವ ಟಿಬಿ ಇರುವವರು ಬಹಳ, ಈ ಔಷಧಿ ಅದನ್ನು ಎಬ್ಬಿಸಬಹುದು. ಟೆಸ್ಟ್‌ಗೆ ದುಡ್ಡು ಹೋಯಿತು ಅಂತ ಬೇಜಾರು ಮಾಡಿಕೊಳ್ಳಬೇಡಿ.

ಸ್ಟಿರಾಯ್ಡ್ ತಗೊಳ್ಳುವವರಿಗೆ ಮೂರು ಮಾತು. ಸಕ್ಕರೆ ಏರುತ್ತೆ, ನೋಡಿಸುತ್ತಾ ಇರಿ. ಡಾಕ್ಟರ್ ಹೇಳದೆ ದಿಢೀರ್ ಅಂತ ನಿಲ್ಲಿಸಬೇಡಿ, ಜೀವಕ್ಕೇ ಅಪಾಯ. ಇಲಿಯಾಸ್ಟಮಿ ಇರುವವರು ಚೀಲ ಖಾಲಿ ಮಾಡುವಾಗ ಮಾತ್ರೆ ಕರಗದೆ ಇಡಿಯಾಗಿ ಬಿದ್ದಿದೆಯಾ ಅಂತ ಗಮನಿಸಿ. ಮೇಲೆ ಲೇಪನ ಇರುವ ಕೆಲವು ಮಾತ್ರೆಗಳು ಕರಗುವ ಮುಂಚೆಯೇ ಹೊರಗೆ ಬಂದುಬಿಡುತ್ತವೆ. ಹಾಗೆ ಕಂಡರೆ ಡಾಕ್ಟರಿಗೆ ಹೇಳಿ, ನೀರಲ್ಲಿ ಕರಗುವ ಮಾತ್ರೆಗೆ ಬದಲಾಯಿಸುತ್ತಾರೆ.

ನೋವಿನ ಮಾತ್ರೆಯ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೀನಿ. ಮೆಡಿಕಲ್ ಸ್ಟೋರಿನಲ್ಲಿ ‘ನೋವಿಗೆ ಕೊಡಿ’ ಅಂದರೆ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಇರುವ ಮಾತ್ರೆ ಕೈಗಿಡುತ್ತಾರೆ. ಕೊಲೈಟಿಸ್, ಕ್ರೋನ್ಸ್ ಇರುವವರಿಗೆ ಅವು ಕರುಳಿನ ಕಾಯಿಲೆಯನ್ನೇ ಕೆರಳಿಸಬಹುದು. ಮಲ ನೀರಾಗಿ ಹೋಗಿ ಮೈ ಒಣಗಿರುವ ಇಲಿಯಾಸ್ಟಮಿಯವರಿಗೆ ಕಿಡ್ನಿಗೂ ಒಳ್ಳೆಯದಲ್ಲ. ಪ್ಯಾರಸಿಟಮಾಲ್ ಸಾಕಾಗದಿದ್ದರೆ ಡಾಕ್ಟರ ಹತ್ತಿರ ಅದಕ್ಕಿಂತ ಬಲವಾದದ್ದನ್ನು ಕೇಳಿ ಬರೆಸಿಕೊಳ್ಳಿ. ಚೀಲ ಬದಲಾಯಿಸುವುದಕ್ಕೆ ಮುಕ್ಕಾಲು ಗಂಟೆ ಮುಂಚೆ ಅದನ್ನು ತಗೊಳ್ಳಿ. ನೋವಿಗೆ ಹೆದರಿ ಚೀಲ ಬದಲಾಯಿಸುವುದನ್ನು ಮುಂದೂಡುತ್ತಾ ಹೋದರೆ ಹುಣ್ಣು ಮಲದಲ್ಲೇ ನೆನೆಯುತ್ತೆ.

ಈಗ ಚೀಲ ನಿಲ್ಲಿಸುವ ಕೆಲಸ. ಮುಂದಿನ ಸಾಲಿನವರಿಗೆ ಕಾಣುವ ಹಾಗೆ ಈ ಮಾದರಿ ಹೊಟ್ಟೆಯ ಮೇಲೆ ಮಾಡಿ ತೋರಿಸುತ್ತೀನಿ, ಹಿಂದಿನವರು ಆಮೇಲೆ ಬಂದು ನೋಡಿ.

ಬೆಳಗ್ಗೆ ಏನೂ ತಿನ್ನುವ ಮುಂಚೆ ಮಾಡಿ, ಆಗ ಮಲ ಕಡಿಮೆ. ಎಲ್ಲ ಸಾಮಾನು ಮೊದಲೇ ಜೋಡಿಸಿಕೊಳ್ಳಿ. ಹಳೆ ಪ್ಲೇಟನ್ನು ಬ್ಯಾಂಡೇಜ್ ಕಿತ್ತ ಹಾಗೆ ಸರ್ರನೆ ಎಳೆಯಬೇಡಿ. ಒದ್ದೆ ಬಟ್ಟೆಯಿಂದ ಅಂಚು ನೆನೆಸುತ್ತಾ, ಒಂದು ಕೈಯಲ್ಲಿ ಚರ್ಮವನ್ನು ಕೆಳಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮೇಲಿಂದ ಕೆಳಕ್ಕೆ ನಿಧಾನ ಬಿಡಿಸಿ. ಚರ್ಮವನ್ನು ಪ್ಲೇಟಿನಿಂದ ಬಿಡಿಸಬೇಕೇ ಹೊರತು ಪ್ಲೇಟನ್ನು ಚರ್ಮದಿಂದ ಕೀಳಬಾರದು. ತೊಳೆಯೋಕೆ ಬರೀ ಉಗುರು ಬೆಚ್ಚಗಿನ ನೀರು ಸಾಕು. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಯಾವುದೂ ಬೇಡ. ನಮ್ಮ ಜಿಲ್ಲೆಯಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಹುಣ್ಣಾಗಿದೆಯಾ ಅಂತ ತುಂಬ ಜನ ಕೇಳುತ್ತಾರೆ. ಫ್ಲೋರೈಡ್ ಕೆಡಿಸುವುದು ಅದನ್ನು ಕುಡಿದವರ ಹಲ್ಲು ಮತ್ತು ಮೂಳೆಯನ್ನು. ತೊಳೆಯೋಕೆ ಶುದ್ಧವಾಗಿ ಕಾಣುವ, ಕಾಯಿಸಿ ಆರಿಸಿದ ನೀರು ಸಾಕು. ಒರೆಸುವಾಗ ಉಜ್ಜಬೇಡಿ, ಮೆತ್ತಗಿನ ಹತ್ತಿ ಬಟ್ಟೆಯನ್ನು ಒತ್ತಿ ಒತ್ತಿ ತೆಗೆಯಿರಿ.

ಹುಣ್ಣಿನ ಗುಂಡಿಯೊಳಗೆ ಸ್ಟೋಮಾ ಪೌಡರ್ ಉದುರಿಸಿ. ಈ ಪೌಡರಿಗೆ ನಮ್ಮ ಕಾಡಿನ ನಂಟಿದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ರೂಪರ್ಟ್ ಟರ್ನ್‌ಬುಲ್ ಅನ್ನೋ ಸರ್ಜನ್ 1950ರ ದಶಕದಲ್ಲಿ ಸ್ಟೋಮಾ ಸುತ್ತಲಿನ ಸುಲಿದ ಚರ್ಮಕ್ಕೆ ಕರಾಯ ಗೋಂದಿನ ಪುಡಿ ಬಳಕೆಗೆ ತಂದರು. ಆ ಗೋಂದು ಬರುವುದು ಭಾರತದ ಒಣ ಗುಡ್ಡಗಾಡಿನಲ್ಲಿ ಬೆಳೆಯುವ ಸ್ಟರ್ಕ್ಯುಲಿಯಾ ಯುರೆನ್ಸ್ ಅನ್ನೋ ಮರದಿಂದ. ಒದ್ದೆ ಹೀರಿಕೊಂಡು ಅಂಟಾಗುವುದು ಅದರ ಗುಣ. ಈಗಿನ ಪೌಡರ್, ಪ್ಲೇಟುಗಳಲ್ಲಿ ಪೆಕ್ಟಿನ್, ಸೆಲ್ಯುಲೋಸ್ ಇವುಗಳೇ ಹೆಚ್ಚು, ಕೆಲಸ ಅದೇ. ಹೆಚ್ಚಾದ ಪುಡಿಯನ್ನು ಊದಿಯೋ ತಟ್ಟಿಯೋ ತೆಗೆದುಬಿಡಿ, ಇಲ್ಲದಿದ್ದರೆ ಪುಡಿಯ ಮೇಲೆ ಪ್ಲೇಟ್ ಅಂಟಲ್ಲ.

ಹುಣ್ಣು ಆಳ ಇದ್ದು ನೀರು ಸುರಿಸುತ್ತಿದ್ದರೆ ಪೌಡರ್ ಸಾಕಾಗಲ್ಲ. ಆಲ್ಜಿನೇಟ್ ಅನ್ನೋ, ಹತ್ತಿಯ ಹಾಗೆ ಕಾಣುವ ಡ್ರೆಸ್ಸಿಂಗನ್ನು ಗುಂಡಿಯ ಅಳತೆಗೇ ಕತ್ತರಿಸಿ ಒಳಗಿಡಿ, ತುರುಕಬೇಡಿ. ಅದರ ಮೇಲೆ ಹೈಡ್ರೋಕೊಲಾಯ್ಡ್ ಅನ್ನೋ, ಚರ್ಮಕ್ಕೆ ಅಂಟುವ ತೆಳ್ಳನೆಯ ಹಾಳೆಯನ್ನು ಹುಣ್ಣಿಗಿಂತ ಒಂದೆರಡು ಬೆರಳು ಅಗಲಕ್ಕೆ ಕತ್ತರಿಸಿ ಮುಚ್ಚಿ, ಅಂಗೈಯಿಂದ ಸ್ವಲ್ಪ ಹೊತ್ತು ಬೆಚ್ಚಗೆ ಒತ್ತಿ ಹಿಡಿಯಿರಿ. ಈಗ ಹುಣ್ಣಿನ ಮೇಲೆ ಒಣ ನೆಲ ಸಿಕ್ಕಿತು, ಪ್ಲೇಟ್ ಅದರ ಮೇಲೆ ಕೂರುತ್ತೆ. ಮಾಮೂಲಿಗೆ ಮೂರು-ನಾಲ್ಕು ದಿನ ಇಡುವ ಪ್ಲೇಟನ್ನು ಈ ಹುಣ್ಣು ಇರುವವರೆಗೆ ದಿನಾ ಅಥವಾ ದಿನ ಬಿಟ್ಟು ದಿನ ಬದಲಾಯಿಸಬೇಕಾಗಬಹುದು, ಔಷಧಿ ಹಚ್ಚಬೇಕಲ್ಲ. ಖರ್ಚು ಹೆಚ್ಚುತ್ತೆ ಅಂತ ಗೊತ್ತು. ಆದರೂ ಸೋರಿದ ಪ್ಲೇಟಿಗೆ ಸುತ್ತ ಟೇಪ್ ಸುತ್ತಿ ಇನ್ನೊಂದು ದಿನ ತಳ್ಳಬೇಡಿ. ಟೇಪಿನ ಒಳಗೆ ಮಲ ನಿಂತಿರುತ್ತೆ.

ಉಬ್ಬು ಪ್ಲೇಟು ಮತ್ತು ಬೆಲ್ಟಿನ ವಿಷಯದಲ್ಲಿ ಹುಷಾರಾಗಿರಬೇಕು. ಸ್ಟೋಮಾ ತಗ್ಗಿದ್ದರೆ ಸೋರಿಕೆ ತಡೆಯೋಕೆ ಉಬ್ಬು ಪ್ಲೇಟ್ ಕೊಡುತ್ತೀವಿ, ಅದು ಚರ್ಮವನ್ನು ಒತ್ತುತ್ತೆ. ಈ ಕಾಯಿಲೆಗೆ ಒತ್ತಡ ಆಗಿಬರಲ್ಲ. ಎರಡರ ನಡುವೆ ಅವರವರ ಹೊಟ್ಟೆಗೆ ತಕ್ಕ ಹಾಗೆ ಒಂದು ದಾರಿ ಹುಡುಕಬೇಕು: ಮೆತ್ತಗಿನ ಉಬ್ಬು, ಸಡಿಲ ಬೆಲ್ಟು, ಅಥವಾ ಅಂಚಿಗೆ ಸ್ಟೋಮಾ ಪೇಸ್ಟು. ಅದನ್ನು ಫೋನಿನಲ್ಲಿ ಹೇಳೋಕೆ ಆಗಲ್ಲ, ನೋಡಿಯೇ ಹೇಳಬೇಕು.

ಅರಿಶಿನ, ಕೊಬ್ಬರಿ ಎಣ್ಣೆ, ವ್ಯಾಸಲಿನ್, ಲೋಳೆಸರ, ಬೇವಿನೆಣ್ಣೆ, ಯಾರೋ ಕೊಟ್ಟ ಹಸಿರೌಷಧಿ, ಇವೆಲ್ಲವನ್ನೂ ಈ ಹುಣ್ಣಿನ ಮೇಲೆ ನೋಡಿದ್ದೀನಿ. ಪ್ರೀತಿಯಿಂದಲೇ ಹಚ್ಚಿರುತ್ತಾರೆ. ಆದರೆ ಎಣ್ಣೆ ಹಚ್ಚಿದ ಚರ್ಮಕ್ಕೆ ಪ್ಲೇಟ್ ಹಿಡಿಯಲ್ಲ, ಪುಡಿ ಗಂಟು ಕಟ್ಟಿ ಹುಣ್ಣಿನೊಳಗೆ ಕೂತರೆ ತೆಗೆಯುವಾಗ ಮತ್ತೆ ಕೆರೆದ ಹಾಗೇ ಆಗುತ್ತೆ. ಬಿಸಿ ಶಾಖ ಕೊಡುವುದು, ಬರೆ ಹಾಕುವುದು ಖಂಡಿತ ಬೇಡ.

ಒಬ್ಬರ ಕಥೆ ಹೇಳಬೇಕು, ನಮ್ಮ ನರ್ಸುಗಳೆಲ್ಲ ಕೇಳಬೇಕಾದ್ದು. ಅಮೆರಿಕದ ಒಹಾಯೋ ರಾಜ್ಯದ ನಾರ್ಮಾ ಗಿಲ್ ಅವರಿಗೆ ಅಲ್ಸರೇಟಿವ್ ಕೊಲೈಟಿಸ್ ಇತ್ತು, ಜೊತೆಗೆ ಇದೇ ಪಯೋಡರ್ಮ ಹುಣ್ಣುಗಳೂ ಮೈಮೇಲೆ ಇದ್ದವು. 1954ರಲ್ಲಿ ಅದೇ ಟರ್ನ್‌ಬುಲ್ ಆಕೆಗೆ ಇಲಿಯಾಸ್ಟಮಿ ಮಾಡಿದರು. ಗುಣವಾದ ಮೇಲೆ ಆಕೆ ತನ್ನಂಥ ಬೇರೆಯವರಿಗೆ ಚೀಲ ಕೂರಿಸುವುದು ಹೇಗೆ ಅಂತ ಹೇಳಿಕೊಡೋಕೆ ಶುರು ಮಾಡಿದರು. 1958ರಲ್ಲಿ ಟರ್ನ್‌ಬುಲ್ ಆಕೆಯನ್ನು ಆಸ್ಪತ್ರೆಯಲ್ಲೇ ಕೆಲಸಕ್ಕೆ ಸೇರಿಸಿಕೊಂಡರು, 1961ರಲ್ಲಿ ಅಲ್ಲಿ ಸ್ಟೋಮಾ ಆರೈಕೆ ಕಲಿಸುವ ಶಾಲೆ ಶುರುವಾಯಿತು. ನಾನು ಮಾಡುವ ಈ ವೃತ್ತಿ ಹುಟ್ಟಿದ್ದೇ ಹಾಗೆ, ಒಬ್ಬ ರೋಗಿಯಿಂದ. ಇಲ್ಲಿ ಕೂತಿರುವ ನಿಮ್ಮಲ್ಲಿ ಕೆಲವರು ನನಗಿಂತ ಚೆನ್ನಾಗಿ ಚೀಲ ಹಾಕುತ್ತೀರಿ. ಹೊಸದಾಗಿ ಆಪರೇಷನ್ ಆದವರ ಮನೆಗೆ ಹೋಗಿ ಒಂದು ಸಲ ಹೇಳಿಕೊಡಿ. ಆಸ್ಪತ್ರೆಯಲ್ಲಿ ಡಿಸ್ಚಾರ್ಜ್ ಗಡಿಬಿಡಿಯಲ್ಲಿ ನಾವು ಹೇಳಿದ್ದು ಅರ್ಧವೂ ಅವರ ತಲೆಗೆ ಹೋಗಿರಲ್ಲ.

ಕೊನೆಗೆ ಚೀಟಿಯಲ್ಲಿ ಬಂದ ಪ್ರಶ್ನೆಗಳು.

‘ಆ ತಾಯಿಗೆ ವಾಸಿ ಆಯಿತಾ’ ಅಂತ ಒಬ್ಬರು ಕೇಳಿದ್ದಾರೆ. ಆಯಿತು, ನಿಧಾನವಾಗಿ. ಸ್ಟಿರಾಯ್ಡ್ ಶುರುವಾದ ಮೇಲೆ ಮೊದಲು ನಿದ್ದೆ ಬಂತು, ಊಟ ಶುರು ಮಾಡಿದರು. ಅಂಚಿನ ನೇರಳೆ ಬಣ್ಣ ಮಾಸಿತು, ಆಮೇಲೆ ಹುಣ್ಣು ಅಂಚಿನಿಂದ ಒಳಕ್ಕೆ ತುಂಬುತ್ತಾ ಬಂತು. ಈಗ ಆ ಜಾಗದಲ್ಲಿ ಜಾಲರಿಯಂಥ ಕಲೆ ಇದೆ. ಈ ಕಾಯಿಲೆ ಮಾಯ್ದಾಗ ಉಳಿಯುವ ಕಲೆ ಹಾಗೇ ಇರುತ್ತೆ. ಅಲ್ಲಿ ಚರ್ಮ ಏರುಪೇರು ಇರುವುದರಿಂದ ಪೇಸ್ಟ್ ಹಾಕಿ ಸಮ ಮಾಡಿಕೊಂಡು ಪ್ಲೇಟ್ ಅಂಟಿಸುತ್ತಾರೆ.

‘ಆಶಾ ಕಾರ್ಯಕರ್ತೆ ಏನು ಮಾಡಬೇಕು?’ ಮೊಬೈಲಿನಲ್ಲಿ ಹುಣ್ಣಿನ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು, ಅವರ ಒಪ್ಪಿಗೆ ಕೇಳಿ, ಮುಖ ಬಾರದ ಹಾಗೆ. ಎರಡು ದಿನ ಬಿಟ್ಟು ಇನ್ನೊಂದು ತೆಗೆಯಿರಿ. ಬೆಳೆದಿದ್ದರೆ ಆ ಎರಡೂ ಫೋಟೋ ಹಿಡಿದು ಅವರನ್ನು ಜಿಲ್ಲಾ ಆಸ್ಪತ್ರೆಯಲ್ಲೋ ಮೆಡಿಕಲ್ ಕಾಲೇಜಿನಲ್ಲೋ ಚರ್ಮದ ಡಾಕ್ಟರು ಮತ್ತು ಸರ್ಜನ್ ಇಬ್ಬರೂ ಇರುವ ಕಡೆಗೆ ಕಳಿಸಿ. ಚೀಟಿಯಲ್ಲಿ ‘ನೋವು ಅತಿ ಹೆಚ್ಚು, ಕೆರೆದ ಮೇಲೆ ಬೆಳೆದಿದೆ’ ಅಂತ ಬರೆದರೆ ಓದುವ ಡಾಕ್ಟರಿಗೆ ಅರ್ಧ ಕೆಲಸ ಆಗಿಹೋಗುತ್ತೆ.

‘ಸ್ಟೋಮಾನೇ ಬೇರೆ ಕಡೆಗೆ ಬದಲಾಯಿಸಿದರೆ ಹುಣ್ಣು ಹೋಗಲ್ಲವಾ?’ ಇದು ತುಂಬ ಜನರ ಮನಸ್ಸಿನಲ್ಲಿರುವ ಪ್ರಶ್ನೆ. ತಾತ್ಕಾಲಿಕ ಸ್ಟೋಮಾ ಆಗಿದ್ದು, ಕರುಳು ಜೋಡಿಸಿ ಮುಚ್ಚಬಹುದಾದರೆ ಹುಣ್ಣು ಮಾಯುವ ಸಾಧ್ಯತೆ ಬಹಳ ಒಳ್ಳೆಯದು. ಯಾವಾಗ ಮುಚ್ಚಬಹುದು ಅಂತ ಸರ್ಜನ್ ಹತ್ತಿರ ಧೈರ್ಯವಾಗಿ ಕೇಳಿ. ಆದರೆ ಸ್ಟೋಮಾವನ್ನು ಹೊಟ್ಟೆಯ ಇನ್ನೊಂದು ಬದಿಗೆ ಸಾಗಿಸುವುದು ಬೇರೆ ಮಾತು. ಅದೂ ಒಂದು ಗಾಯವೇ, ಹೊಸ ಜಾಗದಲ್ಲೂ ಹುಣ್ಣು ಮರಳಿ ಬಂದವರಿದ್ದಾರೆ. ಔಷಧಿಯಿಂದ ಆಗುವುದೆಲ್ಲವನ್ನೂ ಮಾಡಿ ನೋಡಿದ ಮೇಲೆ, ಬೇರೆ ದಾರಿ ಇಲ್ಲ ಅನ್ನುವಾಗ ಮಾತ್ರ ಅದು. ಹಾಗೆ ಸಾಗಿಸುವುದಾದರೂ ಒಳಗಿನ ಉರಿತವನ್ನು ಔಷಧಿಯಿಂದ ಹಿಡಿತಕ್ಕೆ ತಂದುಕೊಂಡೇ ಮಾಡಬೇಕು. ಯಾರಾದರೂ ಮೊದಲ ಭೇಟಿಯಲ್ಲೇ ‘ಬೇರೆ ಕಡೆ ಮಾಡೋಣ’ ಅಂದರೆ, ಆ ದಿನ ಒಪ್ಪಿಕೊಂಡು ಬರಬೇಡಿ, ಚರ್ಮದ ಡಾಕ್ಟರಿಗೆ ಒಂದು ಸಲ ತೋರಿಸಿ ಆಮೇಲೆ ತೀರ್ಮಾನ ಮಾಡಿ. ಉಳಿದ ಚೀಟಿಗಳನ್ನು ಊಟ ಆದಮೇಲೆ ನೋಡೋಣ. ಹುಣ್ಣು ತೋರಿಸಬೇಕು ಅನ್ನುವವರು ಪಕ್ಕದ ಕೋಣೆಗೆ ಬನ್ನಿ, ಹೊಸ ಪ್ಲೇಟು, ಪೌಡರ್ ಅಲ್ಲೇ ಇಟ್ಟಿದ್ದೀನಿ.